ಎಲ್ಲಿಗೆ ಬಂದು ನಿಂತಿತು?

ಪರದೆಯ ಎಡಮೂಲೆಯಲ್ಲಿ ಎರಡೇ ಅಕ್ಷರ: ‘ಎಲ್‌ಐ’. ಪಕ್ಕದಲ್ಲಿ ಕರ್ಸರ್ ಮಿನುಗುತ್ತಿದೆ. ಯಾವ ಕೀಲಿ ಒತ್ತಿದರೂ ಉತ್ತರವಿಲ್ಲ. 2000ದ ಆಸುಪಾಸಿನಲ್ಲಿ ಲಿನಕ್ಸ್ ಬಳಸಿದವರಿಗೆ ಈ ದೃಶ್ಯ ಚೆನ್ನಾಗಿ ಗೊತ್ತು. ಕಂಪ್ಯೂಟರಿನಲ್ಲಿ ಲಿನಕ್ಸನ್ನು ಎಬ್ಬಿಸುವ ಕೆಲಸ ಆಗ ‘ಲೀಲೋ’ ಎಂಬ ಪುಟ್ಟ ಪ್ರೋಗ್ರಾಮಿನದು. ವೆರ್ನರ್ ಆಲ್ಮೆಸ್‌ಬರ್ಗರ್ ಅದನ್ನು ಬರೆದವರು. ಲೀಲೋ ತನ್ನ ಹೆಸರಿನ ನಾಲ್ಕೂ ಅಕ್ಷರಗಳನ್ನು ಒಮ್ಮೆಗೇ ಮೂಡಿಸುತ್ತಿರಲಿಲ್ಲ, ಒಂದೊಂದು ಹಂತ ದಾಟಿದಾಗ ಒಂದೊಂದು ಅಕ್ಷರ ಬರೆಯುತ್ತಿತ್ತು. ಮೊದಲ ‘ಎಲ್’ ಬಂತೆಂದರೆ ಮೊದಲ ತುಣುಕು ಓಡತೊಡಗಿದೆ. ‘ಐ’ ಬಂತೆಂದರೆ ಎರಡನೇ ತುಣುಕು ಮೆಮೊರಿಗೆ ಬಂದಿದೆ. ಮತ್ತೊಂದು ‘ಎಲ್’ ಬಂದರೆ ಆ ಎರಡನೆಯದೂ ಕೆಲಸ ಶುರುಮಾಡಿದೆ. ಕೊನೆಯ ‘ಓ’ ಬಂದರೆ ಎಲ್ಲವೂ ಸರಿಯಾಗಿ ಓದಿಕೊಂಡಿದೆ. ಡಿಸ್ಕಿನ ಮೊದಲ ಸೆಕ್ಟರ್ ಎಂದರೆ 512 ಬೈಟು ಅಷ್ಟೆ, ವಿವರವಾಗಿ ದೂರು ಬರೆಯುವಷ್ಟು ಜಾಗ ಅಲ್ಲಿಲ್ಲ. ಇದ್ದ ಇಕ್ಕಟ್ಟಿನಲ್ಲೇ ಆಲ್ಮೆಸ್‌ಬರ್ಗರ್ ನಾಲ್ಕು ಅಕ್ಷರಗಳ ಲಾಗ್ ಒಂದನ್ನು ಮಾಡಿಟ್ಟಿದ್ದರು.

ಶಿವಮೊಗ್ಗದ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಆಗ ಇನ್‌ಸ್ಟ್ರಕ್ಟರ್ ಆಗಿದ್ದವರೊಬ್ಬರು ಈ ಅಕ್ಷರಗಳ ಅರ್ಥವನ್ನು ಲೀಲೋ ಕೈಪಿಡಿಯಿಂದ ಪ್ರಿಂಟ್ ತೆಗೆದು, ಸರ್ವರ್ ಮೇಜಿನ ಗಾಜಿನ ಕೆಳಗೆ ಇಟ್ಟಿದ್ದರು. ವಿದ್ಯಾರ್ಥಿಗಳಿಗೆ ಅವರು ‘ಲ್ಯಾಬ್ ಮೇಡಂ’. ಡಿಪ್ಲೊಮಾ ಮುಗಿಸಿ ಕೆಲಸಕ್ಕೆ ಸೇರಿದವರು, ಈಗ ನಿವೃತ್ತಿಗೆ ಹತ್ತಿರವಿದ್ದಾರೆ. ಆ ದಿನಗಳ ಮಾತು ತೆಗೆದರೆ ಅವರಿಗೆ ಯಾವ ಯಂತ್ರ ಯಾವ ಸಾಲಿಗೆ ಬಂದು ನಿಂತಿತ್ತು ಎಂಬುದು ಇವತ್ತಿಗೂ ಬಾಯಲ್ಲೇ ಇದೆ.

ಲ್ಯಾಬಿನ ಪೆಂಟಿಯಂ ಯಂತ್ರಗಳಲ್ಲಿ ವಿಂಡೋಸ್ 98 ಮತ್ತು ರೆಡ್ ಹ್ಯಾಟ್ ಲಿನಕ್ಸ್ ಎರಡೂ ಇದ್ದವು. ಲಿನಕ್ಸಿನ ಸಿ.ಡಿ.ಗಳು ಬರುತ್ತಿದ್ದದ್ದು ‘ಪಿಸಿ ಕ್ವೆಸ್ಟ್’ ಪತ್ರಿಕೆಯ ಜೊತೆ. ಇಂಟರ್‌ನೆಟ್ ಎಂದರೆ ಟೆಲಿಫೋನ್ ತಂತಿಯ ಮೇಲೆ ತೆವಳುವ ಡಯಲ್-ಅಪ್ ಆಗಿದ್ದ ಕಾಲ. ಬೆಂಗಳೂರಿನ ಅತುಲ್ ಚಿಟ್ನಿಸ್ ಮತ್ತು ಅವರ ಜೊತೆಗಾರರು ಆ ಪತ್ರಿಕೆಯ ಮೂಲಕ ಹಂಚಿದ ಸಿ.ಡಿ.ಗಳು ಇರದಿದ್ದರೆ ಜಿಲ್ಲಾ ಕೇಂದ್ರದ ಕಾಲೇಜೊಂದರಲ್ಲಿ ಲಿನಕ್ಸ್ ಕಾಣುವುದು ಕಷ್ಟವಿತ್ತು. ಆದರೆ ಸಿ.ಡಿ. ಬಂದಷ್ಟು ಬೇಗ ತಿಳಿವಳಿಕೆ ಬರಲಿಲ್ಲ. ಯಂತ್ರವೊಂದು ಬೂಟ್ ಆಗದೆ ನಿಂತರೆ ಸುತ್ತ ಸೇರಿದವರು ಹೇಳುತ್ತಿದ್ದ ಪರಿಹಾರ ಒಂದೇ: “ಫಾರ್ಮ್ಯಾಟ್ ಹೊಡೆದುಬಿಡಿ ಮೇಡಂ, ಒಂದು ಗಂಟೆ ಕೆಲಸ.”

ಅವರು ಒಪ್ಪುತ್ತಿರಲಿಲ್ಲ. ಫಾರ್ಮ್ಯಾಟ್ ಮಾಡಿದರೆ ವಿದ್ಯಾರ್ಥಿಗಳ ಪ್ರೋಗ್ರಾಮುಗಳು ಹೋಗುತ್ತವೆ ಎಂಬುದು ಒಂದು ಕಾರಣ. ಕೆಟ್ಟದ್ದು ಏಕೆ ಎಂದು ಹೇಳಬಲ್ಲ ಸಾಲುಗಳೂ ಅದರ ಜೊತೆಗೇ ಅಳಿಸಿಹೋಗುತ್ತವೆ ಎಂಬುದು ಅದಕ್ಕಿಂತ ದೊಡ್ಡದು. ಕಾರಣ ಹಾಗೇ ಉಳಿದರೆ ಯಂತ್ರ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತದೆ.

‘ಎಲ್‌ಐ’ ಎಂದು ನಿಂತ ಒಂದು ಯಂತ್ರವನ್ನು ಅವರು ವಿಶೇಷವಾಗಿ ನೆನೆಯುತ್ತಾರೆ. ಬೇಸಿಗೆ ರಜೆ ಮುಗಿದು ಲ್ಯಾಬ್ ತೆರೆದ ಹೊತ್ತು. ಹಿಂದಿನ ಸೆಮಿಸ್ಟರಿನಲ್ಲಿ ನೆಟ್ಟಗಿದ್ದ ಯಂತ್ರ ಈಗ ಎರಡಕ್ಷರಕ್ಕೆ ಸುಮ್ಮನಾಗಿತ್ತು. ಲೀಲೋಗೆ ಫೈಲ್ ಸಿಸ್ಟಮ್ ಎಂದರೇನೆಂದು ಗೊತ್ತಿಲ್ಲ. ಬೇಕಾದ ತುಣುಕು ಡಿಸ್ಕಿನ ಯಾವ ಜಾಗದಲ್ಲಿದೆ ಎಂಬ ವಿಳಾಸವನ್ನಷ್ಟೇ ಅದು ಬರೆದಿಟ್ಟುಕೊಳ್ಳುತ್ತದೆ. ಡಿಸ್ಕಿನ ಅಳತೆಯನ್ನು, ಅಂದರೆ ಸಿಲಿಂಡರ್, ಹೆಡ್, ಸೆಕ್ಟರುಗಳ ಲೆಕ್ಕವನ್ನು, ಯಂತ್ರವನ್ನು ಮೊದಲು ಎಬ್ಬಿಸುವ ಬಯೋಸ್ ಬೇರೆ ರೀತಿ ಹೇಳತೊಡಗಿದರೆ ಆ ವಿಳಾಸ ತಪ್ಪುತ್ತದೆ. ಎರಡನೇ ತುಣುಕೆಂದು ಇನ್ಯಾವುದೋ ಜಾಗದ ಕಸ ಮೆಮೊರಿಗೆ ಬರುತ್ತದೆ, ‘ಐ’ ಮೂಡಿದ ಮೇಲೆ ಎಲ್ಲ ನಿಲ್ಲುತ್ತದೆ. ಕೈಪಿಡಿಯೂ ಅದನ್ನೇ ಹೇಳುತ್ತಿತ್ತು. ಹಾಗಾದರೆ ಅಳತೆ ಬದಲಾದದ್ದು ಯಾಕೆ? ಲ್ಯಾಬ್ ಮೇಡಂ ಯಂತ್ರವನ್ನು ಆರಿಸಿ, ಮತ್ತೆ ಹಾಕಿ, ಈ ಸಲ ಮೇಲಿನ ಸಾಲುಗಳನ್ನು ನೋಡಿದರು. ಮೆಮೊರಿ ಎಣಿಕೆಯ ಕೆಳಗೆ ಕ್ಷಣಮಾತ್ರ ಒಂದು ಸಾಲು ಹಾದುಹೋಯಿತು: ‘ಸಿಮಾಸ್ ಚೆಕ್‌ಸಮ್ ಎರರ್, ಡಿಫಾಲ್ಟ್ಸ್ ಲೋಡೆಡ್’. ಪಾಜ್ ಕೀಲಿ ಒತ್ತಿ ಅದನ್ನು ನಿಲ್ಲಿಸಿ ಓದಿದರು. ಮದರ್‌ಬೋರ್ಡಿನ 3 ವೋಲ್ಟ್ ಬ್ಯಾಟರಿ ರಜೆಯಲ್ಲಿ ಖಾಲಿಯಾಗಿತ್ತು. ಬಯೋಸ್ ತನ್ನ ಹಳೆಯ ಸೆಟ್ಟಿಂಗ್ ಮರೆತು ಡಿಸ್ಕನ್ನು ಬೇರೆ ಲೆಕ್ಕದಲ್ಲಿ ನೋಡುತ್ತಿತ್ತು. ಗಡಿಯಾರದ ಅಂಗಡಿಯಲ್ಲಿ ಸಿಗುವ ನಾಣ್ಯದಂಥ ಸಿಆರ್ 2032 ಬ್ಯಾಟರಿ ಹಾಕಿ, ಸೆಟಪ್ಪಿನಲ್ಲಿ ಡಿಸ್ಕಿನ ಮೋಡ್ ಸರಿಪಡಿಸಿದ ಮೇಲೆ ನಾಲ್ಕೂ ಅಕ್ಷರ ಬಂದವು.

ನಿಂತ ಜಾಗ ಒಂದು, ಕೆಟ್ಟ ಜಾಗ ಇನ್ನೊಂದು. ಇದು ಅವರ ವೃತ್ತಿಜೀವನದ ಪಾಠವಾಯಿತು. ಆಮೇಲಿನ ಬಹುತೇಕ ಎಲ್ಲ ಪ್ರಸಂಗಗಳಲ್ಲೂ ಅದೇ ಕ್ರಮ ಕಾಣುತ್ತದೆ: ಕೊನೆಯ ಸಾಲನ್ನು ಬರೆದುಕೊಳ್ಳುವುದು, ಅಲ್ಲಿಂದ ಹಿಂದಕ್ಕೆ, ಮೇಲಕ್ಕೆ ಹೋಗುವುದು.

ಒಮ್ಮೆ ಯಂತ್ರಗಳ ಧೂಳು ತೆಗೆಸಿದ ಮರುದಿನ ಒಂದು ಪರದೆಯಲ್ಲಿ ಕರ್ನಲ್ ಪ್ಯಾನಿಕ್, ಅಂದರೆ ಲಿನಕ್ಸಿನ ತಿರುಳಾದ ಕರ್ನಲ್ ಮುಂದುವರಿಯಲಾರದೆ ಕೈಚೆಲ್ಲಿತ್ತು: ‘ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ 03:01’. ಡಿಸ್ಕ್ ಸತ್ತಿದೆ ಎಂದೇ ಎಲ್ಲರ ತೀರ್ಮಾನ. ಡಿಸ್ಕ್ ಸತ್ತಿದ್ದರೆ ಕರ್ನಲ್ ಮೆಮೊರಿಗೆ ಬಂದದ್ದು ಎಲ್ಲಿಂದ? 03:01 ಎಂಬುದು ಹೆಕ್ಸಾಡೆಸಿಮಲ್‌ನಲ್ಲಿ ಬರೆದ ಡಿವೈಸ್ ಸಂಖ್ಯೆ. 3 ಎಂದರೆ ಐಡಿಇಯ ಮೊದಲ ಚಾನೆಲ್, 1 ಎಂದರೆ ಅಲ್ಲಿನ ಮೊದಲ ಡಿಸ್ಕಿನ ಮೊದಲ ಪಾರ್ಟಿಷನ್. ಅಂದರೆ ಎಚ್‌ಡಿಎ1. ಶಿಫ್ಟ್ ಹಿಡಿದು ಪೇಜ್-ಅಪ್ ಒತ್ತಿ ಹಿಂದಿನ ಸಾಲುಗಳಿಗೆ ಹೋಗೋಣವೆಂದರೆ ಪ್ಯಾನಿಕ್ ಆದ ಮೇಲೆ ಅದು ನಡೆಯಲಿಲ್ಲ. ಮತ್ತೆ ಬೂಟ್ ಮಾಡಿ, ಕಣ್ಣು ಕೀಲಿಸಿ ನೋಡಿದಾಗ ಡಿಸ್ಕಿನ ಹೆಸರು ಬಂದಿತು, ಆದರೆ ಎಚ್‌ಡಿಎ ಎಂದಲ್ಲ, ಎಚ್‌ಡಿಸಿ ಎಂದು. ಧೂಳು ತೆಗೆದವರು ರಿಬ್ಬನ್ ಕೇಬಲ್ಲನ್ನು ಮದರ್‌ಬೋರ್ಡಿನ ಎರಡನೇ ಕನೆಕ್ಟರಿಗೆ ಚುಚ್ಚಿದ್ದರು. ಬಯೋಸಿಗೆ ಇರುವುದೊಂದೇ ಡಿಸ್ಕ್, ಅದು ಎಲ್ಲಿದ್ದರೂ ಮೊದಲನೆಯದೇ, ಹಾಗಾಗಿ ಲೀಲೋ ಸಲೀಸಾಗಿ ಓಡಿತು. ಲಿನಕ್ಸ್ ಮಾತ್ರ ಡಿಸ್ಕಿಗೆ ಅದು ಕೂತ ಜಾಗದ ಮೇಲೆ ಹೆಸರಿಡುತ್ತಿತ್ತು. ಕೇಬಲ್ ಬದಲಿಸಿದ್ದೇ ಪರಿಹಾರ. ಇಂಥ ತೊಂದರೆಗಳ ಕಾರಣಕ್ಕೇ ಮುಂದೆ ಲಿನಕ್ಸ್ ವಿತರಣೆಗಳು ಪಾರ್ಟಿಷನ್ನುಗಳನ್ನು ಯುಯುಐಡಿ ಎಂಬ ಉದ್ದನೆಯ ಗುರುತಿನಿಂದ ಹುಡುಕತೊಡಗಿದವು.

ಕೇಬಲ್ಲಿನ ಮಾತು ಬಂದರೆ ಲ್ಯಾಬ್ ಮೇಡಂ ಇನ್ನೂ ಒಂದು ಸಾಲನ್ನು ಹೇಳದೆ ಬಿಡುವುದಿಲ್ಲ. ‘ಎಚ್‌ಡಿಎ: ಡಿಎಂಎ ಇಂಟರ್’ ಎಂದು ಶುರುವಾಗುವ ದೋಷ. ಬೂಟ್ ಆಗುವಾಗ ಇದು ಸಾಲುಸಾಲಾಗಿ ಸುರಿಯುತ್ತಿತ್ತು. ನೋಡಿದವರು ಹಾರ್ಡ್ ಡಿಸ್ಕ್ ಹೋಯಿತೆಂದು ಬೆಂಗಳೂರಿನ ಎಸ್.ಪಿ. ರಸ್ತೆಯ ಕಂಪ್ಯೂಟರ್ ಅಂಗಡಿಗಳಿಗೆ ಫೋನ್ ಮಾಡಿ ಹೊಸ ಡಿಸ್ಕಿನ ಬೆಲೆ ವಿಚಾರಿಸುತ್ತಿದ್ದರು. ಆದರೆ ಸಾಲಿನ ಬಾಲದಲ್ಲಿ ಆವರಣದೊಳಗೆ ಬರುವ ಮಾತೇ ಮುಖ್ಯ. ಅಲ್ಲಿ ‘ಅನ್‌ಕರೆಕ್ಟಬಲ್ ಎರರ್’ ಎಂದಿದ್ದರೆ ಡಿಸ್ಕಿನ ತಟ್ಟೆಯ ಮೇಲಿನ ಸೆಕ್ಟರೇ ಹಾಳಾಗಿದೆ, ಸೆಕ್ಟರಿನ ಸಂಖ್ಯೆಯೂ ಜೊತೆಗೇ ಇರುತ್ತದೆ, ತಕ್ಷಣ ಬ್ಯಾಕಪ್ ತೆಗೆಯಬೇಕು. ಅಲ್ಲಿ ‘ಬ್ಯಾಡ್ ಸಿಆರ್‌ಸಿ’ ಎಂದಿದ್ದರೆ ಡಿಸ್ಕಿನಲ್ಲಿ ಓದಿದ್ದು ಸರಿಯಾಗಿದೆ, ತಂತಿಯ ದಾರಿಯಲ್ಲಿ ಬರುವಾಗ ಕೆಟ್ಟಿದೆ. ಅಲ್ಟ್ರಾ ಡಿಎಂಎ ವಿಧಾನದಲ್ಲಿ ಕಳಿಸಿದ ಮಾಹಿತಿಯ ಜೊತೆ ತಾಳೆ ನೋಡುವ ಸಂಖ್ಯೆಯೊಂದು ಹೋಗುತ್ತದೆ, ಅದು ತಾಳೆಯಾಗದಾಗ ಬರುವ ದೂರು ಇದು. ಸೆಕೆಂಡಿಗೆ 66 ಮೆಗಾಬೈಟ್ ವೇಗದ ಡಿಸ್ಕಿಗೆ 80 ಎಳೆಗಳ ಕೇಬಲ್ ಬೇಕು. ಹಳೆಯ 40 ಎಳೆಯದಕ್ಕೂ ಇದಕ್ಕೂ ಕನೆಕ್ಟರ್ ಒಂದೇ ಅಳತೆಯದು, ಎರಡೂ ಸರಾಗವಾಗಿ ಕೂರುತ್ತವೆ. ಹೆಚ್ಚಿನ 40 ಎಳೆಗಳು ಬರಿಯ ಗ್ರೌಂಡ್, ಪಕ್ಕದ ತಂತಿಯ ಗದ್ದಲ ತಡೆಯುವುದಕ್ಕೆ. ಕೇಬಲ್ ಕೈಯಲ್ಲಿ ಹಿಡಿದು ಎಳೆಗಳು ಸಣ್ಣವೋ ದಪ್ಪವೋ ಎಂದು ನೋಡಿದರೆ ಸಾಕು, ತಿಳಿಯುತ್ತದೆ. ಸಾವಿರಾರು ರೂಪಾಯಿಯ ಡಿಸ್ಕನ್ನು ಎಸೆಯಬೇಕೋ ಕೇಬಲ್ ಒಂದನ್ನು ಬದಲಿಸಬೇಕೋ ಎಂಬುದು ಆ ಒಂದು ಪದದಲ್ಲಿತ್ತು. ಹೀಗೆ ವಿನಾಕಾರಣ ಎಸೆಯಲ್ಪಟ್ಟ ಡಿಸ್ಕುಗಳು ಆ ಕಾಲದ ಲ್ಯಾಬುಗಳಲ್ಲಿ ಎಷ್ಟಿದ್ದವೋ ಎಂದು ಅವರು ಈಗಲೂ ಮರುಗುತ್ತಾರೆ.

ಮಳೆಗಾಲದ ಕಥೆ ಬೇರೆ. ಮಲೆನಾಡಿನ ಜೂನ್‌ನಲ್ಲಿ ಗುಡುಗಿದರೆ ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿ ಹಳೆಯದು. ಮತ್ತೆ ಕರೆಂಟ್ ಬಂದಾಗ ಸಾಲಾಗಿ ಎಲ್ಲ ಯಂತ್ರಗಳೂ ‘ಸರಿಯಾಗಿ ಅನ್‌ಮೌಂಟ್ ಆಗಿಲ್ಲ’ ಎಂದು ದೂರಿ ಡಿಸ್ಕ್ ತಪಾಸಣೆಗೆ ಕೂರುತ್ತಿದ್ದವು. ಕೆಲವು ಅಲ್ಲೇ ನಿಂತು ರೂಟ್ ಪಾಸ್‌ವರ್ಡ್ ಕೇಳುತ್ತಿದ್ದವು. ತಪಾಸಣೆಯ ಪ್ರೋಗ್ರಾಮ್ ಎಫ್‌ಎಸ್‌ಸಿಕೆ ಓಡಿಸಿ, ಕೇಳಿದ್ದಕ್ಕೆಲ್ಲ ‘ವೈ’ ಒತ್ತುವುದು ಆ ತಿಂಗಳುಗಳ ದಿನಚರಿ. 2001ರ ನವೆಂಬರಿನಲ್ಲಿ ಲಿನಕ್ಸ್ 2.4.15ರೊಳಗೆ ಇಎಕ್ಸ್‌ಟಿ3 ಫೈಲ್ ಸಿಸ್ಟಮ್ ಬಂದು, ಸ್ಟೀಫನ್ ಟ್ವೀಡಿಯವರ ಜರ್ನಲ್ ವ್ಯವಸ್ಥೆ ಲ್ಯಾಬಿಗೂ ತಲುಪಿದ ಮೇಲೆ ಈ ಕಾಟ ತಗ್ಗಿತು.

ಯಂತ್ರ ಕೆಡದೆಯೂ ಕೆಟ್ಟಂತೆ ಕಾಣುವುದುಂಟು. ರೆಡ್ ಹ್ಯಾಟ್ ಬೂಟ್ ಆಗುವಾಗ ಒಂದೊಂದು ಸೇವೆಯ ಮುಂದೆ ಹಸಿರು ‘ಓಕೆ’ ಬೀಳುತ್ತಾ ಹೋಗಿ, ‘ಸ್ಟಾರ್ಟಿಂಗ್ ಸೆಂಡ್‌ಮೇಲ್’ ಎಂಬಲ್ಲಿ ಗಕ್ಕನೆ ನಿಲ್ಲುತ್ತಿತ್ತು. ತಾಳ್ಮೆಯಿಲ್ಲದವರು ರೀಸೆಟ್ ಒತ್ತುತ್ತಿದ್ದರು, ಅದರಿಂದ ಡಿಸ್ಕ್ ತಪಾಸಣೆ ಶುರುವಾಗಿ ಇನ್ನಷ್ಟು ತಡ. ಕೆಲವು ನಿಮಿಷ ಸುಮ್ಮನೆ ಕಾದರೆ ಯಂತ್ರ ತಾನೇ ಮುಂದೆ ಹೋಗುತ್ತಿತ್ತು. ಮೇಲ್ ಲಾಗ್ ತೆರೆದರೆ ಕಾರಣ ಅಲ್ಲೇ ಇತ್ತು: ನನ್ನ ಹೆಸರು ನನಗೇ ಪತ್ತೆಯಾಗುತ್ತಿಲ್ಲ, ಮಲಗಿ ಎದ್ದು ಮತ್ತೆ ಪ್ರಯತ್ನಿಸುತ್ತೇನೆ ಎಂಬರ್ಥದ ಸಾಲು. ಸೆಂಡ್‌ಮೇಲ್‌ಗೆ ತನ್ನ ಯಂತ್ರದ ಪೂರ್ಣ ಹೆಸರು ಬೇಕು. ಇಂಟರ್‌ನೆಟ್ ಇಲ್ಲದ ಲ್ಯಾಬಿನಲ್ಲಿ ಅದನ್ನು ಹೇಳುವ ಡಿಎನ್‌ಎಸ್ ಇಲ್ಲ. ಹೋಸ್ಟ್ಸ್ ಫೈಲಿನಲ್ಲಿ ಒಂದು ಸಾಲು ಸೇರಿಸಿದ ಮೇಲೆ ಕಾಯುವಿಕೆ ತಪ್ಪಿತು.

ಆ ಸೆಂಡ್‌ಮೇಲ್ ಬರೆದವರು ಬರ್ಕ್ಲಿಯ ಎರಿಕ್ ಆಲ್ಮನ್. 1980ರ ದಶಕದಲ್ಲಿ ಅದೇ ಕೆಲಸದ ನಡುವೆ ಅವರು ತಮ್ಮ ಪ್ರೋಗ್ರಾಮಿನ ಆಗುಹೋಗುಗಳನ್ನು ಬರೆದಿಡಲು ಸಿಸ್‌ಲಾಗ್ ಎಂಬ ವ್ಯವಸ್ಥೆ ಮಾಡಿಕೊಂಡರು. ಅದು ಎಷ್ಟು ಉಪಯುಕ್ತವಾಗಿತ್ತೆಂದರೆ ಬೇರೆಯವರೂ ಬಳಸತೊಡಗಿ ಯುನಿಕ್ಸ್ ಲೋಕದ ರೂಢಿಯೇ ಆಯಿತು. ಎಷ್ಟೋ ವರ್ಷ ಅದಕ್ಕೊಂದು ಲಿಖಿತ ನಿಯಮವೇ ಇರಲಿಲ್ಲ. ಬಳಕೆಯಲ್ಲಿದ್ದದ್ದನ್ನು ಆರ್‌ಎಫ್‌ಸಿ 3164 ಎಂಬ ಇಂಟರ್‌ನೆಟ್ ದಾಖಲೆ ಬರೆದಿಟ್ಟದ್ದು 2001ರಲ್ಲಿ, ಆರ್‌ಎಫ್‌ಸಿ 5424 ಶಿಸ್ತಿಗೆ ತಂದದ್ದು 2009ರಲ್ಲಿ. ತುರ್ತಿನಿಂದ ಹಿಡಿದು ಡೀಬಗ್‌ವರೆಗೆ 0ಯಿಂದ 7ರ ತೀವ್ರತೆಯ ಮಟ್ಟಗಳು ಈ ಪರಂಪರೆಯವೇ, ಲಿನಕ್ಸ್ ಕರ್ನಲ್ ಸಹ ಅವನ್ನೇ ಅನುಸರಿಸುತ್ತದೆ.

ಸಿಸ್‌ಲಾಗಿಗೂ ಒಂದು ಮಿತಿ ಇದೆ, ಬೂಟ್ ಕೆಡುವಾಗಲೇ ಅದು ಹೆಚ್ಚು ನೋಯಿಸುವುದು. ಕರ್ನಲ್ ತನ್ನ ಮಾತುಗಳನ್ನು ಮೊದಲು ಮೆಮೊರಿಯಲ್ಲೇ, ವೃತ್ತಾಕಾರದ ಒಂದು ಬಫರಿನಲ್ಲಿ ಇಟ್ಟುಕೊಳ್ಳುತ್ತದೆ. ‘ಡಿ-ಮೆಸೇಜ್’ ಎನ್ನುವ ಆಜ್ಞೆ ತೋರಿಸುವುದು ಅದನ್ನೇ. ಡಿಸ್ಕ್ ಮೌಂಟ್ ಆಗಿ, ಲಾಗ್ ಸೇವೆ ಎದ್ದ ಮೇಲಷ್ಟೇ ಅವು ಫೈಲಿಗೆ ಇಳಿಯುತ್ತವೆ. ಡಿಸ್ಕೇ ಮೌಂಟ್ ಆಗದಿದ್ದರೆ ಪರದೆಯ 25 ಸಾಲು ಬಿಟ್ಟು ಬೇರೇನೂ ಉಳಿಯುವುದಿಲ್ಲ. ಪಕ್ಕದ ಎಲೆಕ್ಟ್ರಾನಿಕ್ಸ್ ಲ್ಯಾಬಿನ ಹಿರಿಯ ಇನ್‌ಸ್ಟ್ರಕ್ಟರ್ ಒಬ್ಬರು ಇದಕ್ಕೆ ದಾರಿ ತೋರಿದರು. “ನೀವು ಪರದೆ ನೋಡಿ ಬರೆದುಕೊಳ್ಳೋದು ಯಾಕೆ ಮೇಡಂ? ಸೀರಿಯಲ್ ಪೋರ್ಟ್ ಇದೆಯಲ್ಲ,” ಎಂದು 2 ಮತ್ತು 3ನೇ ಪಿನ್ನುಗಳನ್ನು ಅದಲುಬದಲು ಮಾಡಿ ಬೆಸುಗೆ ಹಾಕಿದ ಕೇಬಲ್ ಕೊಟ್ಟರು. ಕರ್ನಲ್‌ಗೆ ಕನ್ಸೋಲ್ ಎಂದರೆ ಸೀರಿಯಲ್ ಪೋರ್ಟ್ ಎಂದು ಬೂಟ್ ಸಾಲಿನಲ್ಲಿ ಹೇಳಿ, ಇನ್ನೊಂದು ತುದಿಯಲ್ಲಿ ವಿಂಡೋಸ್ 98ರ ಹೈಪರ್‌ಟರ್ಮಿನಲ್ ತೆರೆದರೆ ಮೊದಲ ಸಾಲಿನಿಂದ ಕೊನೆಯ ಉಸಿರಿನವರೆಗೆ ಎಲ್ಲವೂ ಫೈಲಿಗೆ ಬಂದು ಬೀಳುತ್ತಿತ್ತು. ಆ ಕೇಬಲ್ ಬಂದ ಮೇಲೆ ಲ್ಯಾಬಿನಲ್ಲಿ ಊಹೆಯ ಮಾತು ಕಡಿಮೆಯಾಯಿತು.

ಮೇಲಕ್ಕೆ ಓದುವುದು ಎಷ್ಟು ಮುಖ್ಯ ಎಂಬುದಕ್ಕೆ ಅವರು ಕೊಡುವ ಅತ್ಯುತ್ತಮ ಉದಾಹರಣೆ ಒಂದು ಪರೀಕ್ಷೆಯ ಮುನ್ನಾದಿನದ್ದು. ಲಾಗಿನ್ ಪರದೆಯೇ ಬರುತ್ತಿಲ್ಲ, ಗ್ರಾಫಿಕ್ಸ್ ಮಿನುಗಿ ಮಿನುಗಿ ಆರಿಹೋಗುತ್ತಿದೆ. ಕೊನೆಯ ಸಾಲು: ‘ಐಡಿ ಎಕ್ಸ್ ರೆಸ್ಪಾನಿಂಗ್ ಟೂ ಫಾಸ್ಟ್, 5 ನಿಮಿಷ ಡಿಸೇಬಲ್ಡ್’. ಇದನ್ನಷ್ಟೇ ಓದಿದವರು ಡಿಸ್‌ಪ್ಲೇ ಕಾರ್ಡಿನ ಡ್ರೈವರ್ ಹುಡುಕಹೊರಟರು. ಗ್ರಾಫಿಕ್ಸ್ ತೋರಿಸುವ ಎಕ್ಸ್ ಸರ್ವರಿನ ಲಾಗ್ ನೋಡಿದವರಿಗೆ ‘ಫಿಕ್ಸ್ಡ್’ ಎಂಬ ಫಾಂಟ್ ತೆರೆಯಲಾಗಲಿಲ್ಲ ಎಂಬ ಸಾಲು ಸಿಕ್ಕಿ, ಫಾಂಟುಗಳನ್ನು ಮತ್ತೆ ಹಾಕುವ ಮಾತಾಯಿತು. ಇನ್ನೂ ಮೇಲೆ ಹೋದರೆ ಫಾಂಟ್ ಸರ್ವರ್ ಏಳುವಾಗಲೇ ಸೋತಿತ್ತು. ಅದಕ್ಕೂ ಮೇಲಿನ ಸಾಲು: ‘ನೋ ಸ್ಪೇಸ್ ಲೆಫ್ಟ್ ಆನ್ ಡಿವೈಸ್’. ಯಾರದೋ ಸಿ ಪ್ರೋಗ್ರಾಮ್ ನಿಲ್ಲದ ಲೂಪಿನಲ್ಲಿ ಟೆಂಪ್ ಡೈರೆಕ್ಟರಿಗೆ ಬರೆಯುತ್ತಾ ಡಿಸ್ಕ್ ತುಂಬಿಸಿತ್ತು. ಫೈಲ್ ಅಳಿಸಿದ್ದೇ ತಡ, ಎಲ್ಲವೂ ನೆಟ್ಟಗಾಯಿತು. ನಾಲ್ಕು ದೂರುಗಳೂ ನಿಜವೇ ಆಗಿದ್ದವು, ಕಾರಣ ಮಾತ್ರ ಒಂದರಲ್ಲಿತ್ತು.

ಹಾಗೆಂದು ‘ಫೇಲ್’ ಎಂದ ಸಾಲೆಲ್ಲ ರೋಗವೂ ಅಲ್ಲ. ವಿಂಡೋಸ್ 98ರಲ್ಲಿ ಎಫ್8 ಒತ್ತಿ ‘ಲಾಗ್ಡ್’ ಆಯ್ದುಕೊಂಡರೆ ಬೂಟ್‌ಲಾಗ್ ಎಂಬ ಫೈಲು ಹುಟ್ಟುತ್ತದೆ. ಅದರಲ್ಲಿ ವಿಶೇರ್, ಎನ್‌ಡಿಐಎಸ್2ಸಪ್ ಮುಂತಾದವುಗಳ ಮುಂದೆ ‘ಲೋಡ್‌ಫೇಲ್’ ಎಂದಿರುವುದು ಆರೋಗ್ಯವಂತ ಯಂತ್ರದಲ್ಲೂ ಸಾಮಾನ್ಯ. ಇಂದಿನ ಎಷ್ಟೋ ಲ್ಯಾಪ್‌ಟಾಪುಗಳು ಲಿನಕ್ಸ್ ಏಳುವಾಗ ಎಸಿಪಿಐ ದೋಷವೆಂದು ಕೆಂಪು ಸಾಲು ತೋರಿಸಿ ಏನೂ ಆಗದಂತೆ ಓಡುತ್ತವೆ. ಇದು ಅರಿವಾದ ಮೇಲೆ ಲ್ಯಾಬ್ ಮೇಡಂ ಪ್ರತಿ ಯಂತ್ರದ ಆರೋಗ್ಯದ ದಿನದ ಲಾಗನ್ನು ಫ್ಲಾಪಿಯಲ್ಲಿ ಉಳಿಸಿ, ಮೇಲೆ ಯಂತ್ರದ ಸಂಖ್ಯೆ ಬರೆದಿಟ್ಟರು. ಕೆಟ್ಟಾಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ಹೊಸದಾಗಿ ಸೇರಿದ ಸಾಲು ಯಾವುದು, ಇದ್ದ ಯಾವ ಸಾಲು ಕಾಣುತ್ತಿಲ್ಲ? ಕಾಣೆಯಾದ ಸಾಲು ಬಹಳ ಸಲ ಹೊಸ ಸಾಲಿಗಿಂತ ಹೆಚ್ಚು ಹೇಳುತ್ತದೆ. ಇಷ್ಟು ಸರಳವಾದ ಪದ್ಧತಿಯನ್ನು ಯಾವ ಪಠ್ಯವೂ ಕಲಿಸುತ್ತಿರಲಿಲ್ಲ.

2010ರಲ್ಲಿ ಲೆನಾರ್ಟ್ ಪೊಟರಿಂಗ್, ಬೂಟ್ ಆಗುವಾಗ ಲಿನಕ್ಸಿನ ಸೇವೆಗಳನ್ನು ಎಬ್ಬಿಸುವ ಸಿಸ್ಟಮ್‌ಡಿಯನ್ನು ಪ್ರಕಟಿಸಿದರು. 2015ರ ಹೊತ್ತಿಗೆ ಡೆಬಿಯನ್, ಉಬುಂಟು ಎರಡೂ ಅದಕ್ಕೆ ಬದಲಾದವು. ಅದರ ‘ಜರ್ನಲ್’ ಎಂಬ ಲಾಗಿನ ಸೌಲಭ್ಯ ದೊಡ್ಡದು: ‘ಜರ್ನಲ್‌ಸಿಟಿಎಲ್’ಗೆ ಮೈನಸ್ ಬಿ, ಮೈನಸ್ 1 ಎಂದು ಕೊಟ್ಟರೆ ಹಿಂದಿನ ಸಲದ ಬೂಟಿನ ಕಥೆ ಪೂರ್ತಿ ಬರುತ್ತದೆ. ಆದರೆ ಅದೇ ವರ್ಷಗಳಲ್ಲಿ ಬೂಟ್ ಪರದೆಯಿಂದ ಸಾಲುಗಳೇ ಮಾಯವಾದವು. ತಯಾರಕರ ಲಾಂಛನ, ಸುತ್ತುವ ಚುಕ್ಕಿಗಳು, ಅಷ್ಟೇ. ಇದು ಕಲಿಯುವವರಿಗೆ ಮಾಡಿದ ಅನ್ಯಾಯ ಎಂಬುದರಲ್ಲಿ ಸಂದೇಹವಿಲ್ಲ. ನಿತ್ಯ ಕಣ್ಣಿಗೆ ಬೀಳದ ಭಾಷೆಯನ್ನು ಕೆಟ್ಟ ದಿನ ಒಮ್ಮೆಗೇ ಓದು ಎಂದರೆ ಯಾರು ಓದಿಯಾರು?

2020ರ ಲಾಕ್‌ಡೌನಿನಲ್ಲಿ ಅದು ಸ್ಪಷ್ಟವಾಯಿತು. ಊರುಗಳಿಗೆ ಹೋಗಿದ್ದ ವಿದ್ಯಾರ್ಥಿಗಳು ವಾಟ್ಸ್‌ಆ್ಯಪಿನಲ್ಲಿ ಕಪ್ಪು ಪರದೆಯ ಫೋಟೊ ಕಳಿಸುತ್ತಿದ್ದರು.

“ಮೇಡಂ, ಲ್ಯಾಪ್‌ಟಾಪ್ ಆನ್ ಆಗ್ತಿಲ್ಲ.”

“ಆನ್ ಆಗ್ತಿದೆಯಲ್ಲಪ್ಪಾ. ಎಲ್ಲಿಗೆ ಬಂದು ನಿಂತಿತು ಹೇಳು.”

“ಎಮರ್ಜೆನ್ಸಿ ಮೋಡ್ ಅಂತಿದೆ ಮೇಡಂ.”

“ಅದು ಕೊನೇದು. ಆನ್ ಮಾಡಿದಾಗಿಂದ ವಿಡಿಯೋ ಮಾಡಿ ಕಳಿಸು.”

ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿದರೆ ಡಿಸ್ಕೊಂದಕ್ಕಾಗಿ ಒಂದೂವರೆ ನಿಮಿಷ ಕಾಯುತ್ತಿರುವ ಸಾಲು ಕಾಣುತ್ತಿತ್ತು. 90 ಸೆಕೆಂಡ್ ಸಿಸ್ಟಮ್‌ಡಿಯ ವಾಡಿಕೆಯ ಗಡುವು. ಹಾಸ್ಟೆಲಿನಲ್ಲಿದ್ದಾಗ ಹುಡುಗ ಹೊರಗಿನ ಹಾರ್ಡ್ ಡಿಸ್ಕೊಂದನ್ನು ಬೂಟ್ ಆಗುವಾಗ ಮೌಂಟ್ ಮಾಡಬೇಕಾದವುಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್ ಫೈಲಿಗೆ ಸೇರಿಸಿದ್ದ, ಡಿಸ್ಕ್ ಗೆಳೆಯನ ಮನೆಗೆ ಹೋಗಿತ್ತು. ಆ ಸಾಲಿಗೆ ‘ನೋಫೇಲ್’ ಎಂಬ ಪದ ಸೇರಿಸಲು ಹೇಳಿದರು, ಸಂಜೆಯ ಆನ್‌ಲೈನ್ ತರಗತಿಗೆ ಅವನು ಹಾಜರಾದ.

ಕರ್ನಲ್ ಬರೆಯುವವರಿಗೂ ಈ ಕಷ್ಟ ಗೊತ್ತಿದೆ. 2024ರಲ್ಲಿ ಲಿನಕ್ಸ್‌ಗೆ ಪ್ಯಾನಿಕ್ ಆದಾಗ ಪರದೆಯ ಮೇಲೆ ಕ್ಯೂಆರ್ ಕೋಡ್ ಬಿಡಿಸುವ ಶಕ್ತಿ ಬಂತು. ಕರ್ನಲ್‌ನ ಕೊನೆಯ ಮಾತುಗಳನ್ನು ಅದರೊಳಗೆ ಅಡಕ ಮಾಡಿರುತ್ತಾರೆ, ಫೋನಿನಲ್ಲಿ ಸ್ಕ್ಯಾನ್ ಮಾಡಿದರೆ ಓದಬಹುದು.

ನಿಮ್ಮ ಯಂತ್ರದಲ್ಲಿ ಲಿನಕ್ಸ್ ಇದ್ದರೆ, ಅದು ಚೆನ್ನಾಗಿರುವ ಒಂದು ದಿನ ಬೂಟ್ ಶುರುವಾಗುವಾಗ ಬರುವ ಗ್ರಬ್ ಮೆನುವಿನಲ್ಲಿ ‘ಇ’ ಒತ್ತಿ, ‘ಕ್ವಯಟ್’ ಮತ್ತು ‘ಸ್ಪ್ಲ್ಯಾಷ್’ ಎಂಬ ಎರಡು ಪದ ಅಳಿಸಿ, ಎಫ್10 ಒತ್ತಿ ಬೂಟ್ ಮಾಡಿ ನೋಡಿ. ಆ ದಿನದ ಲಾಗನ್ನು ಒಂದು ಫೈಲಿಗೆ ಉಳಿಸಿ ಪೆನ್‌ಡ್ರೈವಿನಲ್ಲಿ ಇಡಿ. ಜರ್ನಲ್ ಡಿಸ್ಕಿನಲ್ಲಿ ಉಳಿಯಬೇಕಾದರೆ ಸಾಮಾನ್ಯವಾಗಿ ವರ್ ಲಾಗ್ ಡೈರೆಕ್ಟರಿಯೊಳಗೆ ‘ಜರ್ನಲ್’ ಎಂಬ ಫೋಲ್ಡರ್ ಇರಬೇಕು. ಇದೆಯೇ ಎಂದು ಇವತ್ತೇ ನೋಡಿಕೊಳ್ಳಿ, ಇಲ್ಲದಿದ್ದರೆ ಮಾಡಿಕೊಳ್ಳಿ.